ರೋಮಿನ ಮೊದಲ ನಾಣ್ಯಗಳು ಮತ್ತು ಪ್ಲಿನಿಯ ಸಾಕ್ಷ್ಯ

ಕೇಳುಗರಿಗೆ ನಮಸ್ಕಾರ.

ರೋಮನ್ನರಲ್ಲಿ ನಾಣ್ಯ ಹುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ ಪ್ರಾಚೀನ ಬರಹಗಾರರ ಪೈಕಿ ಹೆಚ್ಚು ವಿವರವಾಗಿ ಉತ್ತರಿಸಿರುವವನು ಹಿರಿಯ ಪ್ಲಿನಿ. ಕಂಚಿನ ಮೇಲೆ ಮೊದಲು ಜಾನುವಾರಿನ ಚಿತ್ರದ ಮುದ್ರೆ ಒತ್ತಿಸಿದವನು ದೊರೆ ಸರ್ವಿಯಸ್ ಟುಲಿಯಸ್ ಎಂದೂ, ಬೆಳ್ಳಿಯ ನಾಣ್ಯ ಬಂದದ್ದು ಕಾರ್ಥೇಜ್ ವಿರುದ್ಧದ ಮೊದಲ ಪ್ಯೂನಿಕ್ ಯುದ್ಧಕ್ಕೆ ಐದು ವರ್ಷ ಮುಂಚೆ, ಓಗುಲ್ನಿಯಸ್ ಮತ್ತು ಫಾಬಿಯಸ್ ಆ ವರ್ಷದ ಕಾನ್ಸಲ್‌ಗಳು, ಅಂದರೆ ರೋಮಿನ ಮುಖ್ಯ ಅಧಿಕಾರಿಗಳು, ಆಗಿದ್ದಾಗ, ಅಂದರೆ ಕ್ರಿ.ಪೂ. 269ರಲ್ಲಿ ಎಂದೂ ಅವನು ತನ್ನ ನಿಸರ್ಗ ಚರಿತ್ರೆಯ 33ನೆಯ ಸಂಪುಟದಲ್ಲಿ ಬರೆದಿದ್ದಾನೆ. ಪ್ಲಿನಿ ತೀರಿಕೊಂಡದ್ದು ಕ್ರಿ.ಶ. 79ರಲ್ಲಿ, ಸರ್ವಿಯಸ್ ಆಳಿದನೆನ್ನುವುದು ಕ್ರಿ.ಪೂ. ಆರನೆಯ ಶತಮಾನದಲ್ಲಿ. ನಡುವಿನ ಆರು ಶತಮಾನಗಳ ಅಂತರವನ್ನು ಮರೆತು ಅವನ ಮಾತನ್ನು ಓದುವುದು ಸಲ್ಲದು.

ಅವನಿಗಿಂತ ಹಳೆಯ ಸಾಕ್ಷ್ಯ ಸಿಗುವುದು ಕಾನೂನಿನಲ್ಲಿ. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಶಾಸನವು ಇನ್ನೊಬ್ಬನ ಮೇಲೆ ಕೈಮಾಡಿದವನಿಗೆ 25 ಆಸ್‌ಗಳ ದಂಡ ವಿಧಿಸುತ್ತದೆ. ಆಗಿನ ಆಸ್ ಎಂದರೆ ಎಣಿಸುವ ನಾಣ್ಯವಲ್ಲ, ಒಂದು ರೋಮನ್ ಪೌಂಡ್, ಅಂದರೆ ಸುಮಾರು 324 ಗ್ರಾಂ ತೂಕದ ಕಂಚು. ನ್ಯಾಯಶಾಸ್ತ್ರಜ್ಞ ಗಾಯಸ್ ಕ್ರಿ.ಶ. ಎರಡನೆಯ ಶತಮಾನದಲ್ಲಿ ವರ್ಣಿಸುವ ಕ್ರಯದ ವಿಧಿಯಲ್ಲಿ ಇದರ ಕುರುಹು ಉಳಿದಿದೆ. ಐವರು ಸಾಕ್ಷಿಗಳ ಎದುರು ಒಬ್ಬನು ತಕ್ಕಡಿ ಹಿಡಿದು ನಿಲ್ಲುತ್ತಾನೆ. ಕೊಳ್ಳುವವನು ವಸ್ತು ತನ್ನದೆಂದು ಸಾರಿ, ಕಂಚಿನ ತುಂಡಿನಿಂದ ತಕ್ಕಡಿಯನ್ನು ಬಡಿದು ಆ ತುಂಡನ್ನು ಮಾರುವವನಿಗೆ ಒಪ್ಪಿಸುತ್ತಾನೆ. ಲೋಹವನ್ನು ತೂಗಿ ಕೊಡುವ ಪದ್ಧತಿ ನಿಂತು ಎಷ್ಟೋ ಕಾಲವಾಗಿದ್ದರೂ ತಕ್ಕಡಿ ಮಾತ್ರ ವಿಧಿಯಲ್ಲಿ ಉಳಿದುಕೊಂಡಿತ್ತು. ದಾಖಲಿಸಬೇಕೆಂಬ ಉದ್ದೇಶವಿಲ್ಲದೆ ಉಳಿದುಬಂದ ಇಂಥ ಸಾಕ್ಷ್ಯವನ್ನು ನಾನು ಇತಿಹಾಸಕಾರರ ಹೇಳಿಕೆಗಿಂತ ಹೆಚ್ಚು ನಂಬುತ್ತೇನೆ.

ಆ ದಂಡದ ಮುಂದಿನ ಗತಿಯನ್ನು ರೋಮನ್ ಬರಹಗಾರ ಆಲಸ್ ಗೆಲ್ಲಿಯಸ್ ದಾಖಲಿಸಿದ್ದಾನೆ. ಲೂಸಿಯಸ್ ವೆರಾಟಿಯಸ್ ಎಂಬ ಸಿರಿವಂತ ದಾರಿಯಲ್ಲಿ ಸಿಕ್ಕವರ ಕೆನ್ನೆಗೆ ಹೊಡೆಯುತ್ತಾ ಹೋಗುತ್ತಿದ್ದನಂತೆ. ಹಿಂದೆ ಹಣದ ಚೀಲ ಹಿಡಿದು ಬರುತ್ತಿದ್ದ ಅವನ ಗುಲಾಮ ಏಟು ತಿಂದವರಿಗೆಲ್ಲ 25 ಆಸ್‌ಗಳನ್ನು ಸ್ಥಳದಲ್ಲೇ ಎಣಿಸಿ ಕೊಡುತ್ತಿದ್ದನಂತೆ. ಎಂಟು ಕಿಲೋ ಕಂಚಿನ ದಂಡ, ಆಸ್‌ನ ತೂಕ ಇಳಿಯುತ್ತಾ ಬಂದಂತೆ, ಚಿಲ್ಲರೆ ಹಣವಾಗಿಬಿಟ್ಟಿತ್ತು.

ಸರ್ವಿಯಸ್‌ನದೆಂದು ಹೇಳಬಹುದಾದ ಮುದ್ರೆಯ ಕಂಚು ಈವರೆಗೆ ದೊರೆತಿಲ್ಲ. ದೊರೆತಿರುವ, ಚಿತ್ರ ಒತ್ತಿದ ರೋಮನ್ ಕಂಚಿನ ಗಟ್ಟಿಗಳು ಕ್ರಿ.ಪೂ. ಮೂರನೆಯ ಶತಮಾನದವು, ಒಂದೊಂದೂ ಸುಮಾರು ಒಂದೂವರೆ ಕಿಲೋ ತೂಗುವಂಥವು. ಕೆಲವುಗಳ ಮೇಲೆ ಎತ್ತು ಇರುವುದರಿಂದ ಪ್ಲಿನಿಯ ಜಾನುವಾರಿನ ಮಾತು ಪೂರ್ತಿ ಕಲ್ಪನೆಯಲ್ಲ, ಕಾಲ ಮಾತ್ರ ತಪ್ಪಿದೆ. ಇನ್ನೊಂದು ಗಟ್ಟಿಯಲ್ಲಿ ಒಂದು ಬದಿಗೆ ಆನೆ, ಮತ್ತೊಂದು ಬದಿಗೆ ಹೆಣ್ಣು ಹಂದಿ. ರೋಮನ್ನರು ಯುದ್ಧದ ಆನೆಗಳನ್ನು ಮೊದಲು ಎದುರಿಸಿದ್ದು ಕ್ರಿ.ಪೂ. 280ರಲ್ಲಿ, ಗ್ರೀಕ್ ದೊರೆ ಪಿರ್ಹಸ್‌ನ ಸೈನ್ಯದಲ್ಲಿ. ಹಂದಿಗಳ ಚೀರಾಟಕ್ಕೆ ಆ ಆನೆಗಳು ಬೆದರಿದವೆಂಬ ಕಥೆಯನ್ನು ಈಲಿಯನ್ ಹೇಳುತ್ತಾನೆ.

ಬೆಳ್ಳಿಯ ವಿಷಯ ಹೆಚ್ಚು ತೊಡಕಿನದು. ಪ್ಲಿನಿ 269ರ ನಾಣ್ಯವನ್ನು ದಿನಾರಿಯಸ್, ಅಂದರೆ ತನ್ನ ಕಾಲದ ರೋಮಿನ ಬೆಳ್ಳಿ ನಾಣ್ಯ, ಎಂದೇ ಭಾವಿಸಿದ್ದ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಿರುವುದೂ ಇದೇ ಜಾತಿಯ, ಆದರೆ ಬಹಳ ಈಚಿನ, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ನಾಣ್ಯ. ಸಿಸಿಲಿಯ ಮಾರ್ಗಂಟಿನಾದಲ್ಲಿ 1950ರ ದಶಕದಲ್ಲಿ ಆರಂಭವಾದ ಉತ್ಖನನ ಪ್ಲಿನಿಯ ಈ ಮಾತಿನ ಮೇಲಿನ ನಂಬಿಕೆಯನ್ನು ಬದಲಿಸಿತು. ರೋಮನ್ನರ ವಿರುದ್ಧ ದಂಗೆಯೆದ್ದ ಆ ಊರನ್ನು ಅವರು ಕ್ರಿ.ಪೂ. 211ರಲ್ಲಿ ಮರಳಿ ಗೆದ್ದರೆಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ. ಆ ವಿನಾಶದ ಪದರದಲ್ಲಿ ಹೊಸದಾಗಿ ಠಂಕಿಸಿದ ದಿನಾರಿಯಸ್‌ಗಳು ಸಿಕ್ಕವು. ಹಾಗಾಗಿ ದಿನಾರಿಯಸ್ ಹುಟ್ಟಿದ್ದು ಹ್ಯಾನಿಬಲ್‌ನೊಡನೆ ನಡೆದ ಯುದ್ಧದ ನಡುವೆ, ಪ್ಲಿನಿ ಹೇಳಿದ್ದಕ್ಕಿಂತ ಸುಮಾರು ಅರವತ್ತು ವರ್ಷ ತಡವಾಗಿ. ಒಬ್ಬ ಗ್ರಂಥಕಾರನನ್ನು ತಿದ್ದುವಾಗಲೂ ಕಾಲನಿರ್ಣಯಕ್ಕೆ ಇನ್ನೊಬ್ಬ ಗ್ರಂಥಕಾರನೇ ಬೇಕಾದನೆಂಬುದನ್ನು ಗಮನಿಸಬೇಕು.

ಹಾಗೆಂದು 269 ಎಂಬ ವರ್ಷವನ್ನು ಕೈಬಿಡುವಂತಿಲ್ಲ. ರೋಮಿನ ಹೆಸರಿನ ಬೆಳ್ಳಿ ನಾಣ್ಯಗಳು ಅದಕ್ಕೂ ಮುಂಚೆ, ಗ್ರೀಕ್ ಶೈಲಿಯಲ್ಲಿ ಬಂದಿದ್ದವು. ಆದರೆ ಹರ್ಕ್ಯುಲಿಸ್‌ನ ತಲೆ, ಹಿಂಬದಿಯಲ್ಲಿ ಅವಳಿ ಶಿಶುಗಳಿಗೆ ಹಾಲೂಡಿಸುವ ತೋಳ ಇರುವ ಒಂದು ನಾಣ್ಯವನ್ನು ನೋಡಿ. ಕ್ರಿ.ಪೂ. 296ರಲ್ಲಿ ಅದೇ ತೋಳ ಮತ್ತು ಶಿಶುಗಳ ಪ್ರತಿಮೆಯನ್ನು ರೋಮಿನಲ್ಲಿ ನಿಲ್ಲಿಸಿದವರು ಓಗುಲ್ನಿಯಸ್ ಸಹೋದರರೆಂದು ಲಿವಿ ಹೇಳುತ್ತಾನೆ, ಫಾಬಿಯಸ್ ಮನೆತನದವರು ತಾವು ಹರ್ಕ್ಯುಲಿಸ್‌ನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. 269ರ ಇಬ್ಬರು ಕಾನ್ಸಲ್‌ಗಳ ಮನೆತನಗಳೂ ಒಂದೇ ನಾಣ್ಯದ ಎರಡು ಮುಖಗಳಲ್ಲಿ ಕಾಣಿಸುವುದು ಆಕಸ್ಮಿಕವಲ್ಲವೆಂದು ಹಲವು ವಿದ್ವಾಂಸರ ಅಭಿಪ್ರಾಯ, ನನ್ನದೂ ಅದೇ. ಪ್ಲಿನಿಯ ಕೈಗೆ ಸರಿಯಾದ ವರ್ಷವೇ ಬಂದಿತ್ತು. ತನ್ನ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯದ ಹೆಸರನ್ನು ಅವನು ಅದಕ್ಕೆ ಜೋಡಿಸಿದ.