ಸವೆಯದ ಮುಂದಿನ ಬ್ರೇಕು

ಕೇಳುಗರಿಗೆಲ್ಲ ನಮಸ್ಕಾರ.

ಕಲಬುರಗಿಯ ಸೇಡಂ ರಸ್ತೆ ಕಡೆ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. 22 ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ಸರ್ವಿಸಿಗೆ ಬಂದ ಗಾಡಿಗಳ ಚಕ್ರ ಬಿಚ್ಚಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಚಕ್ರದೊಳಗೆ ಉಜ್ಜಿ ಗಾಡಿ ನಿಲ್ಲಿಸುವ ಹಿಂದಿನ ಬ್ರೇಕ್ ಶೂ ಸವೆದು ತೆಳ್ಳಗಾಗಿರುತ್ತದೆ. ಮುಂದಿನದು ಈಗಷ್ಟೇ ಅಂಗಡಿಯಿಂದ ತಂದ ಹಾಗಿರುತ್ತದೆ.

"ಯಾಕ್ ತಮ್ಮಾ, ಮುಂದಿನ ಬ್ರೇಕ್ ಹಿಡಿಯೋದೇ ಇಲ್ಲೇನು?" ಅಂತ ಕೇಳಿದರೆ, "ಗಾಡಿ ಪಲ್ಟಿ ಹೊಡೀತದಂತ್ರೀ ಕಾಕಾ" ಅನ್ನುತ್ತಾರೆ. ಯಾರು ಹೇಳಿದರು? ಅಣ್ಣ. ಅಣ್ಣನಿಗೆ ಹೇಳಿದವನು ಅವನ ಗೆಳೆಯ. ನಮ್ಮಲ್ಲಿ ಬೈಕ್ ಓಡಿಸೋದನ್ನ ಹೀಗೇ ಕಲಿಯುತ್ತೇವೆ, ಅಲ್ವಾ?

ಅಮೆರಿಕದಲ್ಲೂ ಹೀಗೇ ಇತ್ತು. ಹ್ಯಾರಿ ಹರ್ಟ್ ಎಂಬ ಸಂಶೋಧಕರು ಲಾಸ್ ಏಂಜಲೀಸ್‌ನಲ್ಲಿ ಬೈಕ್ ಅಪಘಾತವಾದ ಜಾಗಕ್ಕೇ ಹೋಗಿ, ಸುಮಾರು 900 ಅಪಘಾತಗಳನ್ನು ಒಂದೊಂದಾಗಿ ನೋಡಿದರು. ವರದಿ ಬಂದದ್ದು 1981ರಲ್ಲಿ. ಬಿದ್ದವರಲ್ಲಿ ನೂರಕ್ಕೆ 92 ಜನ ತಾವೇ ಕಲಿತವರು, ಇಲ್ಲವೆ ಮನೆಯವರಿಂದ, ಗೆಳೆಯರಿಂದ ಕಲಿತವರು. ಗಾಬರಿಯಲ್ಲಿ ಅವರು ಮಾಡಿದ ತಪ್ಪೂ ನನಗೆ ಗುರುತು ಸಿಕ್ಕಿತು: ಹಿಂದಿನ ಬ್ರೇಕ್ ಜೋರಾಗಿ ತುಳಿದು ಚಕ್ರ ಜಾರಿಸಿದ್ದರು, ಮುಂದಿನದನ್ನು ಸಾಕಷ್ಟು ಹಿಡಿದಿರಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಅಕ್ಕನ ಮಗ ಜೇವರ್ಗಿ ರಸ್ತೆಯಲ್ಲಿ ಬಿದ್ದ. ಹೊಲದ ದಾರಿಯಿಂದ ಟ್ರ್ಯಾಕ್ಟರೊಂದು ಸೀದಾ ರಸ್ತೆಗೆ ಬಂತು. ಮರುದಿನ ನಾನು ಆ ಜಾಗಕ್ಕೆ ಹೋದೆ. ಡಾಂಬರಿನ ಮೇಲೆ ಒಂದೇ ಒಂದು ಕರಿ ಗೆರೆ. ಹಿಂದಿನ ಟೈರಿನದು. ಹೆಜ್ಜೆ ಹಾಕಿ ಅಳೆದೆ, ಹನ್ನೊಂದು ಹೆಜ್ಜೆ. ಮುಂದಿನ ಬ್ರೇಕನ್ನೂ ಹಿಡಿದಿದ್ದರೆ ಅಷ್ಟು ಜೋರಾಗಿ ಬಡಿಯುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಕಾಲು ಮುರಿಯಿತು. ಹೆಲ್ಮೆಟ್ಟಿನ ಗದ್ದದ ಭಾಗ ಪೂರಾ ಉಜ್ಜಿ ಹೋಗಿತ್ತು, ಅವನ ಗದ್ದಕ್ಕೆ ಒಂದು ಗೀರೂ ಇರಲಿಲ್ಲ. ಆ ಹೆಲ್ಮೆಟ್ ಇನ್ನೂ ನನ್ನ ಗ್ಯಾರೇಜಿನ ಗೋಡೆಗೆ ನೇತು ಹಾಕಿದ್ದೇನೆ. ಬಿಸಿಲಿಗೆ ತಲೆ ಕಾಯುತ್ತದೆ ಅಂತ ಹೆಲ್ಮೆಟ್ಟನ್ನು ಕನ್ನಡಿಗೆ ಸಿಗಿಸಿಕೊಂಡು ಬರುವವರಿಗೆ ಅದನ್ನು ತೋರಿಸುತ್ತೇನೆ. ನಮ್ಮ ಬೇಸಿಗೆ ಎಂಥದ್ದು ಅಂತ ನನಗೂ ಗೊತ್ತು. ಆದರೂ ಹಾಕಿಕೊಳ್ಳಿ, ಪಟ್ಟಿಯನ್ನೂ ಬಿಗಿಯಿರಿ.

ತಪ್ಪು ಬೈಕಿನವರದ್ದೇ ಅಂತ ತಿಳಿಯಬೇಡಿ. ಹರ್ಟ್ ನೋಡಿದ ಅಪಘಾತಗಳ ಪೈಕಿ ಬೇರೆ ವಾಹನಕ್ಕೆ ಬಡಿದವುಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದವರೇ ದಾರಿ ಕೊಡದೆ ಅಡ್ಡ ಬಂದಿದ್ದರು. ಬೈಕು ಅವರ ಕಣ್ಣಿಗೇ ಬಿದ್ದಿರಲಿಲ್ಲ, ಇಲ್ಲವೆ ಕಂಡಾಗ ತಡವಾಗಿತ್ತು. ಸೀದಾ ಹೋಗುವ ಬೈಕಿನ ಮುಂದೆ ಕಾರು ಎಡಕ್ಕೆ ತಿರುಗುವುದು ಅಮೆರಿಕದಲ್ಲಿ ಮಾಮೂಲಿ. ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ. ನಮ್ಮಲ್ಲಿ ಅದೇ ಅಪಾಯ ಬಲಕ್ಕೆ ತಿರುಗುವ ಗಾಡಿಯಿಂದ. ಆ ಅಪಘಾತಗಳಲ್ಲಿ ತಪ್ಪಿಸಿಕೊಳ್ಳಲು ಸವಾರನಿಗೆ ಸಿಗುತ್ತಿದ್ದ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. 50ರ ವೇಗದಲ್ಲಿ ಎರಡು ಸೆಕೆಂಡಿಗೆ ಗಾಡಿ 27 ಮೀಟರಿಗಿಂತ ಜಾಸ್ತಿ ಹೋಗಿರುತ್ತದೆ. ಅಷ್ಟರಲ್ಲಿ ಯೋಚನೆ ಮಾಡಲು ಆಗುವುದಿಲ್ಲ. ಕೈಗೆ ರೂಢಿ ಇದ್ದದ್ದೇ ಆಗುವುದು.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಅದಕ್ಕೇ ಹೆಚ್ಚು ಕೆಲಸ ಮುಂದಿನ ಬ್ರೇಕಿನದು. ಗಕ್ಕನೆ ಎಳೆಯಬಾರದು. ಹ್ಯಾಂಡಲ್ ನೇರ ಇಟ್ಟು, ನಿಂಬೆಹಣ್ಣು ಹಿಂಡುವ ಹಾಗೆ ಮೆತ್ತಗೆ ಶುರು ಮಾಡಿ ಬಿಗಿ ಮಾಡುತ್ತಾ ಹೋಗಬೇಕು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಎರೆ ಮಣ್ಣು ರಸ್ತೆಗೆ ಮೆತ್ತಿರುತ್ತದಲ್ಲ, ಅಲ್ಲಿ ಮೊದಲೇ ವೇಗ ಇಳಿಸಿ. ಅದರ ಮೇಲೆ ಯಾವ ಬ್ರೇಕೂ ನಿಲ್ಲುವುದಿಲ್ಲ.

ಅಕ್ಕನ ಮಗನ ಕಾಲು ಕೂಡಿದ ಮೇಲೆ ಖಾಲಿ ಬಯಲಿಗೆ ಕರೆದುಕೊಂಡು ಹೋದೆ. ಮೊದಲು 20ರ ವೇಗ, ಆಮೇಲೆ 30. ಸುಣ್ಣದ ಗೆರೆ ಎಳೆದು ಅದರೊಳಗೆ ನಿಲ್ಲಿಸು ಅಂದೆ. ಮೊದಲ ದಿನ ಅವನ ಕೈ ನಡುಗುತ್ತಿತ್ತು. ಆರು ಭಾನುವಾರ ಹೋದೆವು. ಹೋದ ತಿಂಗಳು ಅವನ ಗಾಡಿ ಸರ್ವಿಸಿಗೆ ಬಂದಿತ್ತು. ಮುಂದಿನ ಬ್ರೇಕ್ ಶೂ ಸವೆದಿತ್ತು, ಹೊಸದು ಹಾಕಿ ಕಳಿಸಿದೆ.

ನಮಸ್ಕಾರ.