ಕೂದಲೊಳಗೆ ಬ್ಲೇಡು: ಪ್ಯಾಮ್ ಗ್ರಿಯರ್ ನಡೆದ ದಾರಿ

ಎಲ್ಲರಿಗೂ ನಮಸ್ಕಾರ.

ಒಂದು ದೃಶ್ಯದಿಂದಲೇ ಶುರು ಮಾಡುತ್ತೇನೆ. ಪಾರ್ಟಿ ನಡೆಯುತ್ತಿದೆ, ಹೆಂಗಸರ ನಡುವೆ ಜಗಳ ಹತ್ತಿಕೊಂಡಿದೆ. ಒಬ್ಬಳು ನಾಯಕಿಯ ಕೂದಲಿಗೆ ಕೈಹಾಕುತ್ತಾಳೆ. ಹಾಕಿದವಳೇ ಚೀರುತ್ತಾಳೆ, ಅಂಗೈಯೆಲ್ಲ ರಕ್ತ. ತನ್ನ ಗುಂಗುರು ಕೂದಲೊಳಗೆ ನಾಯಕಿ ಮೊದಲೇ ಬ್ಲೇಡು ಸಿಕ್ಕಿಸಿಕೊಂಡಿದ್ದಳು. ಇದು 1973ರ ‘ಕಾಫಿ’. ನಾಯಕಿಯನ್ನು ಕರೆಯುವ ಹೆಸರೇ ಚಿತ್ರದ ಹೆಸರು. ಆ ಪಾತ್ರ ಮಾಡಿದವರು ಅಮೆರಿಕದ ಕಪ್ಪು ನಟಿ ಪ್ಯಾಮ್ ಗ್ರಿಯರ್.

ಆ ಕೂದಲಿಗೂ ಒಂದು ಚರಿತ್ರೆ ಇದೆ. ಅಮೆರಿಕದ ಕಪ್ಪು ಹೆಂಗಸರು ತಲೆಮಾರುಗಳಿಂದ ಕಾದ ಬಾಚಣಿಗೆಯಲ್ಲಿ ಎಳೆದೆಳೆದು ಕೂದಲು ನೇರ ಮಾಡಿಕೊಳ್ಳುತ್ತಿದ್ದರು. ಬಿಳಿಯರ ಕಣ್ಣಿಗೆ ಅದೇ ಅಚ್ಚುಕಟ್ಟು. ಅರವತ್ತರ ದಶಕದ ಚಳವಳಿಗಳ ಕಾಲಕ್ಕೆ ಅದನ್ನು ಹುಟ್ಟಿದ ಹಾಗೇ ಬಿಟ್ಟುಕೊಳ್ಳುವುದು ಸ್ವಾಭಿಮಾನದ ಗುರುತಾಯಿತು. ಗ್ರಿಯರ್ ಅವರದೇ 1974ರ ಚಿತ್ರ ‘ಫಾಕ್ಸಿ ಬ್ರೌನ್’ನಲ್ಲಿ ಅದೇ ಕೂದಲೊಳಗಿಂದ ಪುಟ್ಟ ಪಿಸ್ತೂಲೇ ಹೊರಬಂತು. ಅವಮಾನ ಎಲ್ಲಿತ್ತೋ ಅಲ್ಲೇ ಆಯುಧ. ನನಗೆ ಈ ಕಲ್ಪನೆ ಇಂದಿಗೂ ರೋಮಾಂಚನ.

ಗ್ರಿಯರ್ ಹುಟ್ಟಿದ್ದು 1949ರಲ್ಲಿ, ನಾರ್ತ್ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ. ತಂದೆ ವಾಯುಪಡೆಯವರು, ಹಾಗಾಗಿ ಊರಿಂದೂರಿಗೆ ಅಲೆದಾಟ, ಕೊನೆಗೆ ಡೆನ್ವರ್. ಲಾಸ್ ಏಂಜಲೀಸಿಗೆ ಬಂದು ಒಂದು ಚಿತ್ರಸಂಸ್ಥೆಯ ಟೆಲಿಫೋನ್ ಸ್ವಿಚ್‌ಬೋರ್ಡ್ ಮುಂದೆ ಕೂತರು. ಅಲ್ಲಿಂದ ಫಿಲಿಪೀನ್ಸಿಗೆ, ಹೆಂಗಸರ ಜೈಲಿನ ಕಥೆಗಳ ಅಗ್ಗದ ಚಿತ್ರಗಳಿಗೆ. ಅವು ಮೈ ತೋರಿಸಿ ಟಿಕೆಟ್ ಮಾರಿದ ಚಿತ್ರಗಳು, ಅದನ್ನು ಮುಚ್ಚಿಡಬೇಕಿಲ್ಲ. ‘ಕಾಫಿ’ಯಲ್ಲೂ ಆ ನೋಟ ಹೋಗಿಲ್ಲ. ಇಂಥ ಚಿತ್ರಗಳು ಕಪ್ಪು ಜನರನ್ನೇ ಸುಲಿಗೆ ಮಾಡುತ್ತಿವೆ ಎಂದು ಕಪ್ಪು ಸಂಘಟನೆಗಳೇ ಆಗ ಪ್ರತಿಭಟಿಸಿದ್ದವು. ಅವರ ಸಿಟ್ಟು ನ್ಯಾಯವಾದದ್ದು.

ಆದರೂ ಕಥೆಯನ್ನು ಗಮನಿಸಿ. ಕಾಫಿ ಆಸ್ಪತ್ರೆಯ ನರ್ಸ್. ಪುಟ್ಟ ತಂಗಿ ಮಾದಕದ್ರವ್ಯಕ್ಕೆ ಬಲಿಯಾಗಿ ಹಾಸಿಗೆ ಹಿಡಿದಿದ್ದಾಳೆ. ಅದನ್ನು ಮಾರಿದವರನ್ನು ಒಬ್ಬೊಬ್ಬರನ್ನೇ ಹುಡುಕಿ ಹೊರಟವಳಿಗೆ ಕೊನೆಯಲ್ಲಿ ಸಿಗುವವನು ತಾನು ಪ್ರೀತಿಸಿದ ರಾಜಕಾರಣಿ, ತನ್ನದೇ ಜನಾಂಗದವನು. ಅವನನ್ನೂ ಅವಳು ಬಿಡುವುದಿಲ್ಲ. ಕಾಪಾಡಲು ಯಾವ ನಾಯಕನೂ ಓಡಿಬರುವುದಿಲ್ಲ. ಬಿಳಿಯರಿಗೆ ಕಪ್ಪು ಬಣ್ಣ ಬಳಿದು ಡ್ಯೂಪ್ ಮಾಡಿಸುವ ಪದ್ಧತಿ ಇದ್ದ ಹಾಲಿವುಡ್‌ನಲ್ಲಿ ಗ್ರಿಯರ್‌ಗೆ ಡ್ಯೂಪ್ ಆದವರು ಜೇಡಿ ಡೇವಿಡ್, ಅವರೂ ಕಪ್ಪು ಹೆಣ್ಣುಮಗಳು. ಆ ಹೆಸರನ್ನೂ ನಾವು ನೆನಪಿಡಬೇಕು.

1975ರ ಹೊತ್ತಿಗೆ ಇಂಥ ಚಿತ್ರಗಳ ಅಲೆ ಇಳಿಯಿತು. ಆಮೇಲೆ ಗ್ರಿಯರ್‌ಗೆ ಸಿಕ್ಕಿದ್ದು ಬಹುಪಾಲು ಚಿಕ್ಕ ಪಾತ್ರಗಳು. 1988ರಲ್ಲಿ ಗರ್ಭಕಂಠದ ಕ್ಯಾನ್ಸರ್. ವೈದ್ಯರು ಕೊಟ್ಟ ಗಡುವು ಒಂದೂವರೆ ವರ್ಷ. ಅವರು ಬದುಕಿ ಬಂದರು.

1997ರಲ್ಲಿ ನಿರ್ದೇಶಕ ಕ್ವೆಂಟಿನ್ ಟರಾಂಟಿನೊ ‘ಜಾಕಿ ಬ್ರೌನ್’ ಚಿತ್ರ ಮಾಡಿದರು. ಮೂಲ ಕಾದಂಬರಿಯ ಜಾಕಿ ಬಿಳಿಯ ಹೆಂಗಸು. ಗ್ರಿಯರ್‌ಗಾಗಿಯೇ ಅವಳ ಬಣ್ಣವನ್ನೂ ಮನೆತನದ ಹೆಸರನ್ನೂ ಬದಲಿಸಿದರು. ಈ ಜಾಕಿ ನಲವತ್ತು ದಾಟಿದ ಗಗನಸಖಿ, ಸಂಬಳ ಕಡಿಮೆ, ಕೆಲಸ ಹೋಗುವ ಭಯ. ಇಲ್ಲಿ ಅವಳನ್ನು ಗೆಲ್ಲಿಸುವುದು ಹೊಡೆದಾಟವಲ್ಲ, ಲೆಕ್ಕಾಚಾರ. ಗ್ರಿಯರ್ ಗೋಲ್ಡನ್ ಗ್ಲೋಬ್‌ಗೆ ನಾಮನಿರ್ದೇಶನಗೊಂಡರು. ಆಸ್ಕರ್ ಪಟ್ಟಿಯಲ್ಲಿ ಸಹನಟ ರಾಬರ್ಟ್ ಫಾರ್ಸ್ಟರ್ ಇದ್ದರು, ಇವರಿರಲಿಲ್ಲ. ಅದು ನನಗೆ ಇನ್ನೂ ನೋವು.

ಆ ಚಿತ್ರದ ಕೊನೆಯನ್ನು ನೋಡಿ. ಹಣ ಕೈಸೇರಿದೆ, ಜಾಕಿ ಒಬ್ಬಳೇ ಕಾರು ಓಡಿಸುತ್ತಿದ್ದಾಳೆ. ಹಾಡು ಕೇಳುತ್ತಿದೆ, ಅದಕ್ಕೆ ಅವಳ ತುಟಿ ಮೆಲ್ಲಗೆ ಅಲುಗುತ್ತಿದೆ. ಕಣ್ಣಲ್ಲಿ ಗೆಲುವಿಗಿಂತ ದಣಿವೇ ಹೆಚ್ಚು. ಕ್ಯಾಮೆರಾ ಆ ಮುಖದ ಮೇಲೆಯೇ ನಿಂತಿರುತ್ತದೆ.