ಸೇವ್ ಒತ್ತುವ ಮೊದಲು ವಿಳಾಸ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಕ್ಯಾಮೆರಾವನ್ನು ಪರವೂರಿನಿಂದ ನೋಡಬೇಕೆಂದು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೀರಿ, ಅಂದರೆ ಹೊರಗಿನಿಂದ ಬಂದ ಕೋರಿಕೆಯನ್ನು ಕ್ಯಾಮೆರಾದತ್ತ ಕಳಿಸಲು ರೂಟರಿಗೆ ಹೇಳಿದ್ದೀರಿ. ಪೋರ್ಟ್ ಸಂಖ್ಯೆ ಸರಿಯಿದೆ, ಸೇವ್ ಒತ್ತಿದ್ದೀರಿ, ರೂಟರನ್ನು ಆರಿಸಿ ಮತ್ತೆ ಹಾಕಿದ್ದೀರಿ. ಆದರೂ ಚಿತ್ರ ಬರುತ್ತಿಲ್ಲ. ಇಂಥವರಿಗೆ ನಾನು ಹೇಳುವುದು ಒಂದೇ: ಬೇರೇನನ್ನೂ ಮುಟ್ಟುವ ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ವಿಳಾಸ ನೋಡಿ. ಅದು ರೂಟರಿನ ಹೊರಬದಿಯ ವಿಳಾಸ. ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆಗಳಿರುತ್ತವೆ. ಬಳಿಕ ಅದೇ ವೈಫೈಯಲ್ಲಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ತೆರೆಯಿರಿ. ಎರಡು ಕಡೆಯ ಸಂಖ್ಯೆಯೂ ಒಂದೇ ಆಗಿರಬೇಕು.

ಶಿರಸಿ ಸಮೀಪದ ಅಡಿಕೆ ಬೆಳೆಗಾರರೊಬ್ಬರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಬೆಂಗಳೂರಿನಲ್ಲಿದ್ದ ಮಗಳಿಗೆ ಆ ಅಂಗಳ ಮೊಬೈಲಿನಲ್ಲಿ ಕಾಣಬೇಕಿತ್ತು. ಅಂಗಡಿಯವರ ಮಾತು ಕೇಳಿ ಆಗಲೇ ಎರಡನೆಯ ರೂಟರ್ ಕೊಂಡಿದ್ದರು. ಕೊಯ್ಲಿನ ಕೂಲಿ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಹಿರಿಯರು ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು: ಡಿವಿಆರ್ 192.168.1.20, ಪೋರ್ಟ್ 8000. ಡಿವಿಆರ್ ಎಂದರೆ ಕ್ಯಾಮೆರಾದ ಚಿತ್ರ ದಾಖಲಿಸುವ ಪೆಟ್ಟಿಗೆ. ಒಂದಕ್ಷರ ತಪ್ಪಿರಲಿಲ್ಲ. ನಾನೂ ಮೊದಲು ಅದನ್ನೇ ತಿದ್ದಲು ಹೊರಟು ಒಂದು ಬೆಳಗು ಕಳೆದೆ. ಕಾಫಿ ಎರಡು ಸಲ ಬಂತು. ಕೊನೆಗೆ ಸ್ಟೇಟಸ್ ಪುಟ ತೆರೆದರೆ ವ್ಯಾನ್ ವಿಳಾಸ 100.72 ಎಂದು ಶುರುವಾಗುತ್ತಿತ್ತು!

ಅದು ಅವರ ಮನೆಯ ಸ್ವಂತ ವಿಳಾಸವೇ ಅಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ, ಅಷ್ಟೇ. ಅವು ಸಾಲದೆ, 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ತೆಗೆದಿರಿಸಿದರು. ಹಿರಿಯರಿಗೆ ನಾನು ಹೇಳಿದ್ದು ಹೀಗೆ: 'ಇದು ವಠಾರ ಇದ್ದ ಹಾಗೆ. ಬೀದಿಗೆ ಇರುವುದು ಒಂದೇ ಗೇಟು, ಒಳಗೆ ನೂರಾರು ಮನೆ. ನಿಮ್ಮ ಬಾಗಿಲು ತೆರೆದೇ ಇದೆ. ಬಂದವರು ಗೇಟಿನ ಹೊರಗೇ ನಿಂತಿದ್ದಾರೆ, ಅದರ ಕೀಲಿ ಕಂಪನಿಯ ಕೈಯಲ್ಲಿದೆ.' ಅವರು ಥಟ್ಟನೆ, 'ಹಾಗಾದರೆ ಈ ಹೊಸ ರೂಟರ್ ಏತಕ್ಕೆ?' ಎಂದರು. ಅದನ್ನು ಮಾರಿದವರು ಉತ್ತರಿಸಬೇಕು. ಮಗಳು ಕಂಪನಿಗೆ ಮೂರು ಸಲ ಕರೆ ಮಾಡಿ, ತಿಂಗಳ ಶುಲ್ಕ ಹೆಚ್ಚಿಗೆ ಕಟ್ಟಿ ಸ್ಟ್ಯಾಟಿಕ್ ಪಬ್ಲಿಕ್ ಐಪಿ, ಅಂದರೆ ಬದಲಾಗದ ಸ್ವಂತ ಹೊರವಿಳಾಸ, ಪಡೆದಳು. ಹಳೆಯ ರೂಟರಿನಲ್ಲೇ, ಅದೇ ಪೋರ್ಟಿನಲ್ಲಿ ಅಂಗಳ ಕಂಡಿತು.

ಆದ್ದರಿಂದ ದಯವಿಟ್ಟು ಮೊದಲು ವಿಳಾಸ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವ್ಯಾನ್ ವಿಳಾಸ 192.168 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಮನೆಯೊಳಗೇ ಎರಡು ರೂಟರ್ ಒಂದರ ಹಿಂದೊಂದು ಕುಳಿತಿವೆ. ಮೊದಲನೆಯದನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಆಗ ಅದು ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನು ಮುಂದಕ್ಕೆ ದಾಟಿಸುತ್ತದೆ ಅಷ್ಟೇ. ವಿಳಾಸ ಸರಿಯಿದ್ದೂ ಚಿತ್ರ ಬಾರದಿದ್ದರೆ ಡಿವಿಆರಿನ ಒಳವಿಳಾಸ ಬದಲಾಗಿದೆಯೇ ನೋಡಿ, ರೂಟರಿನಲ್ಲೇ ಅದನ್ನು ಕಾಯ್ದಿರಿಸಿ. ಪರೀಕ್ಷೆಯನ್ನು ಮನೆಯ ವೈಫೈಯಲ್ಲಿ ಮಾಡಬೇಡಿ, ಮೊಬೈಲ್ ಡೇಟಾದಲ್ಲಿ ಮಾಡಿ. ಚಿತ್ರ ಬಂದ ದಿನವೇ ಡಿವಿಆರಿನ ಪಾಸ್‌ವರ್ಡ್ ಬದಲಿಸಿ. ತಯಾರಕರು ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನೇ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಆ ಹಿರಿಯರು ನನ್ನೆದುರೇ ಕೂಲಿ ಪುಸ್ತಕ ತೆರೆದು ಹಳೆಯ ಪಾಸ್‌ವರ್ಡಿನ ಮೇಲೆ ಗೀಟೆಳೆದರು.

ನಮಸ್ಕಾರ.